ಇಂಡಿಯಲ್ಲಿ ಕೈ ಎತ್ತಿದ ಚಳಿಗಾಲ

ಕಳೆದ ತಿಂಗಳು ಗಣಿತ ಶಿಕ್ಷಕರ ತರಬೇತಿಗೆಂದು ಎರಡು ದಿನ ಇಂಡಿಗೆ ಹೋಗಿದ್ದೆ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಜೊತೆಗಿದ್ದವರು ಖಾನಾವಳಿಯ ಹಾದಿ ಹಿಡಿದರು. ನನಗೆ ಔಷಧಿ ಅಂಗಡಿಗೆ ಹೋಗಬೇಕಿತ್ತು. ಹತ್ತಿರದ ದಾರಿಯೆಂದು ನಿಂಬೆಕಾಯಿಯ ಸವಾಲು, ಅಂದರೆ ಹರಾಜು, ನಡೆಯುವ ಕಡೆಯಿಂದ ನಡೆದೆ. ಸವಾಲು ಮುಗಿದು ಎಷ್ಟೋ ಹೊತ್ತಾಗಿತ್ತು. ನೆಲದ ಮೇಲೆ ತುಳಿದು ಅಪ್ಪಚ್ಚಿಯಾದ ಕಾಯಿ, ಹಸಿ ಎಲೆ, ಒದ್ದೆ ಗೋಣಿಚೀಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತಾನಾಗಿಯೇ ಸೆರಗಿನೊಳಗೆ ಸರಿಯಿತು. ಹನ್ನೊಂದು ವರ್ಷವಾದರೂ ಆ ಕೈಗೆ ನಾಚಿಕೆ ಹೋಗಿಲ್ಲ.

ಆಗ ನಾನು ಹೊರ್ತಿಯಲ್ಲಿ ಗಣಿತ ಕಲಿಸುತ್ತಿದ್ದೆ. ನೌಕರಿಯ ಎರಡನೆಯ ವರ್ಷ, ವಯಸ್ಸು ಇಪ್ಪತ್ತೆಂಟು, ಒಂದು ಬಾಡಿಗೆ ಖೋಲಿ, ಒಂದು ಒಲೆ, ಒಂದು ಚದುರಂಗದ ಹಾಸು. ಹುಟ್ಟಿದೂರು ಮುದ್ದೇಬಿಹಾಳ. ಅಪ್ಪ ಅಂಚೆ ಕಚೇರಿಯಲ್ಲಿ ಟಪಾಲು ಚೀಲ ಕಟ್ಟುವ ಕೆಲಸ ಮಾಡಿ ನಿವೃತ್ತರಾದವರು. ಭಾನುವಾರ ಮುಂಜಾನೆ ಮನೆಯಲ್ಲಿ ಬುದ್ಧವಂದನೆ ಮುಗಿಯುತ್ತಲೇ ಅವರು ಮಣೆಯ ಮೇಲೆ ಹಾಸು ಬಿಚ್ಚಿ ನನ್ನನ್ನು ಕರೆಯುತ್ತಿದ್ದರು. ಏಳು ವರ್ಷದವಳಿದ್ದಾಗಿನಿಂದ ಅವರ ಜೊತೆ ಆಡಿದ್ದೇನೆ. ಮಗಳೆಂದು ಒಂದು ದಿನವೂ ಬೇಕಂತಲೇ ಸೋತವರಲ್ಲ. ನಾನು ಮೊದಲ ಸಲ ಗೆದ್ದದ್ದು ಹದಿನಾಲ್ಕನೆಯ ವಯಸ್ಸಿಗೆ. ಅಪ್ಪ ಅವತ್ತು ಹಾಸು ಮಡಚಿಟ್ಟು ಎದ್ದು ಹೋದರು. ಸಂಜೆ ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಆ ಆಟವನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದುದನ್ನು ಕಿಟಕಿಯಿಂದ ಕೇಳಿದ್ದೆ.

ಆ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಸುತ್ತಿನ ನಾಲ್ಕು ಊರುಗಳಲ್ಲಿ ಒಂದರ ಹಿಂದೊಂದು ಚದುರಂಗದ ಪಂದ್ಯಾವಳಿಗಳು ಗೊತ್ತಾದವು. ಮೊದಲು ಇಂಡಿ, ಆಮೇಲೆ ಸಿಂದಗಿ, ಮುದ್ದೇಬಿಹಾಳ, ಕಡೆಗೆ ಸಂಕ್ರಾಂತಿ ಕಳೆದು ಬಸವನ ಬಾಗೇವಾಡಿ. ಎಲ್ಲವೂ ಭಾನುವಾರ. ಒಂದೇ ದಿನಕ್ಕೆ ಏಳು ಸುತ್ತು, ಒಬ್ಬೊಬ್ಬರಿಗೆ ಹದಿನೈದು ನಿಮಿಷ. ವಕೀಲರು, ಕಂಡಕ್ಟರರು, ಕಿರಾಣಿ ಅಂಗಡಿಯವರು, ಕಾಲೇಜಿನ ಹುಡುಗರು ಎಲ್ಲ ಸೇರಿ ಅರವತ್ತು ಎಪ್ಪತ್ತು ಮಂದಿ. ಹೆಣ್ಣುಮಕ್ಕಳು ಒಬ್ಬರೋ ಇಬ್ಬರೋ. ಹಾಗಾಗಿ ನಾನು ಎಲ್ಲಿ ಹೋದರೂ ‘ಉತ್ತಮ ಮಹಿಳಾ ಆಟಗಾರ್ತಿ’ ಎಂಬ ಕಪ್ಪು ನನಗಾಗಿ ಕಾದಿರುತ್ತಿತ್ತು. ಹಿಂದಿನ ವರ್ಷ ಒಂದು ಕಡೆ ನಾನೊಬ್ಬಳೇ ಹೆಣ್ಣು. ಏಳರಲ್ಲಿ ಐದು ಆಟ ಸೋತಿದ್ದೆ. ಆದರೂ ಕರೆದು ಕಪ್ಪು ಕೊಟ್ಟರು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ಖೋಲಿಯಲ್ಲಿ ಅಂಥ ಮೂರು ಕಪ್ಪುಗಳಿದ್ದವು. ಒಂದರಲ್ಲಿ ಪೆನ್ನು, ಒಂದರಲ್ಲಿ ಸೂಜಿ-ದಾರ ಇಟ್ಟಿದ್ದೆ. ನನಗೆ ಬೇಕಾಗಿದ್ದುದು ಎಲ್ಲರ ಪಟ್ಟಿಯಲ್ಲಿ, ನನ್ನ ಹೆಸರಿನ ಮುಂದೆ ಒಂದು ಅಂಕಿ. ಐದನೆಯದಾದರೂ ಸರಿ.

ಇಂಡಿಯಲ್ಲಿ ಪಂದ್ಯ ನಡೆದದ್ದು ನಿಂಬೆಕಾಯಿ ಸವಾಲಿನ ಕಟ್ಟೆಯ ಹಿಂದಿದ್ದ ತಗಡಿನ ಶೆಡ್ಡಿನಲ್ಲಿ. ವಾರದ ಕಾಯಿಯೆಲ್ಲ ಲಾರಿ ಹತ್ತಿ ಹೋಗಿತ್ತು, ವಾಸನೆ ಮಾತ್ರ ಉಳಿದಿತ್ತು. ಹೊರ್ತಿಯಿಂದ ಮೊದಲ ಬಸ್ಸು ಹಿಡಿದು ಸ್ವೆಟರಿನ ಮೇಲೆ ಶಾಲು ಹೊದ್ದುಕೊಂಡು ಹೋಗಿದ್ದೆ. ತೀರ್ಪುಗಾರರಾಗಿ ಪಾಟೀಲ ಸರ್ ಎಂಬ ದೈಹಿಕ ಶಿಕ್ಷಕರಿದ್ದರು. ಆಟ ಶುರುವಾಗುವ ಮೊದಲು ಅವರು ನಿಯಮಗಳನ್ನು ಓದಿ ಹೇಳಿದರು. ಯಾರಾದರೂ ನಿಯಮ ತಪ್ಪಿ ಕಾಯಿ ನಡೆಸಿದರೆ, ಎದುರಿನವರು ಕೈ ಎತ್ತಿ ತೋರಿಸಿದರೆ, ಆಟ ಅಲ್ಲಿಗೇ ಮುಗಿಯಿತು, ತಪ್ಪಿದವರು ಸೋತಂತೆ. ಎರಡು ಸಲ ಓದಿದರು.

ಅವತ್ತು ನನ್ನ ಕೈ ಚೆನ್ನಾಗಿ ನಡೆಯಿತು. ಆರು ಸುತ್ತು ಮುಗಿದಾಗ ನಾಲ್ಕೂವರೆ ಅಂಕ ಗಳಿಸಿದ್ದೆ. ಏಳನೆಯದನ್ನು ಗೆದ್ದರೆ ಐದರೊಳಗೆ ಬರುವುದು ಖಾತ್ರಿ. ಮೂರನೆಯ ಮೇಜಿಗೆ ಹೋದರೆ ಅಲ್ಲಿ ಐವತ್ತು ದಾಟಿದ ಒಬ್ಬರು, ಬಿಳಿ ರುಮಾಲು ಸುತ್ತಿಕೊಂಡು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕರಿ ಕಂಬಳಿ ಮಡಚಿ ಹಾಸಿಕೊಂಡು ಕುಳಿತಿದ್ದರು. ಬೀರಪ್ಪ, ಯಂಕಂಚಿಯವರು, ಕುರಿ ಕಾಯುವವರು. ಊರಿನ ಸಾಲಿ ಮಾಸ್ತರರು ಒತ್ತಾಯ ಮಾಡಿ ಕಳಿಸಿದ್ದರಂತೆ, ಪಂದ್ಯವೆಂದು ಬಂದದ್ದು ಅದೇ ಮೊದಲು. ಮುಂಜಾನೆ ಅವರನ್ನು ನೋಡಿ ಕಾಲೇಜಿನ ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ನಕ್ಕಿದ್ದರು. ಆ ಹುಡುಗರಲ್ಲಿ ಮೂವರು ಅವರ ಕೈಯಲ್ಲಿ ಸೋತು, ಈಗ ನಮ್ಮ ಮೇಜಿನ ಸುತ್ತ ಗಪ್ಪಗೆ ನಿಂತಿದ್ದರು. ನಾನು ಸಾಲಿಯಲ್ಲಿ ಕಲಿಸುವವಳೆಂದು ತಿಳಿದು ಬೀರಪ್ಪ ಎದ್ದು ನಿಂತು ಕೈ ಮುಗಿದರು. ಅಕ್ಕೋರ, ಕುಂದರ್ರಿ, ಎಂದರು.

ಅವರ ಆಟ ನಿಧಾನ. ಒಂದು ಕಾಯಿ ನಡೆಸಿದ ಮೇಲೆ ಬೆರಳನ್ನು ತುಸು ಹೊತ್ತು ಅದರ ಮೇಲೆಯೇ ಇಟ್ಟಿರುತ್ತಿದ್ದರು, ಮರಿಯ ತಲೆ ಸವರಿದ ಹಾಗೆ. ಹದಿನೈದನೆಯ ನಡೆಗೆ ನನ್ನ ಒಂದು ಕುದುರೆ ಹೋಯಿತು. ಮೋಸವಿಲ್ಲ, ಜಾಲವಿಲ್ಲ, ನಾನು ಕಾಣದ್ದನ್ನು ಅವರು ಕಂಡಿದ್ದರು. ನನಗೆ ಉಳಿದದ್ದು ಒಂದೇ ಆಸೆ. ಅವರ ರಾಜ ಇನ್ನೂ ನಡು ಸಾಲಿನಲ್ಲೇ ಇದ್ದ. ಆನೆಯನ್ನೂ ಮಂತ್ರಿಯನ್ನೂ ಆ ಸಾಲಿಗೆ ತಂದು ನಿಲ್ಲಿಸಿದೆ. ಅವರು ರಾಜನನ್ನು ಆನೆಯ ಮರೆಗೆ ಸರಿಸಿ ಕ್ಯಾಸಲಿಂಗ್ ಮಾಡಿದ್ದರೆ ಅಲ್ಲಿಗೆ ನನ್ನ ಕಥೆ ಮುಗಿಯುತ್ತಿತ್ತು. ಅದು ಅವರಿಗೆ ಬರುತ್ತಿತ್ತು ಕೂಡ, ಬೆಳಗಿನಿಂದ ಬೇರೆ ಆಟಗಳಲ್ಲಿ ಮಾಡಿದ್ದರು. ಆದರೆ ಆ ಗಳಿಗೆಯಲ್ಲಿ ನಲವತ್ತು ವರ್ಷದ ರೂಢಿ ಕೈಗೆ ಬಂತು. ಅವರು ರಾಜನನ್ನು ಎತ್ತಿ ಕುದುರೆಯ ಹಾಗೆ ಹಾರಿಸಿದರು. ಎರಡು ಮನೆ ಪಕ್ಕಕ್ಕೆ, ಒಂದು ಮನೆ ಮುಂದಕ್ಕೆ. ಗಡಿಯಾರ ಒತ್ತಿದರು.

ಹಳ್ಳಿಯ ಹಳೆಯ ಆಟದಲ್ಲಿ ಅದಕ್ಕೆ ಅಪ್ಪಣೆಯಿದೆ. ಚೆಕ್ ಎನ್ನುವ ಶಹ ಬೀಳುವ ಮೊದಲು ರಾಜ ಒಂದು ಸಲ ಕುದುರೆಯಂತೆ ಹಾರಬಹುದು. ನನಗೆ ಗೊತ್ತಿತ್ತು, ಅಪ್ಪ ಹೇಳಿದ್ದರು. ‘ಕಾಕಾ, ಇಲ್ಲಿ ಹಂಗ ನಡೆಯಂಗಿಲ್ರಿ’ ಎಂದು ಮೆಲ್ಲಗೆ ಹೇಳಿದ್ದರೆ ಅವರು ರಾಜನನ್ನು ಹಿಂದಿಟ್ಟು ಸರಿಯಾಗಿ ಆಡುತ್ತಿದ್ದರು. ಹೇಳಬೇಕೆಂದು ಬಾಯಿಯವರೆಗೆ ಬಂದದ್ದೂ ನಿಜ. ಅಷ್ಟರಲ್ಲಿ ನನ್ನ ಬಲಗೈ ಮೇಲಕ್ಕೆ ಹೋಗಿತ್ತು.

ಪಾಟೀಲ ಸರ್ ಬಂದರು, ಹಾಸು ನೋಡಿದರು, ನನ್ನನ್ನು ಕೇಳಿದರು. ಬೀರಪ್ಪ ತಮ್ಮ ಕಡೆ ಒಮ್ಮೆ ಹಾರಿಸುವುದುಂಟು ಎಂದಷ್ಟೇ ಹೇಳಿದರು, ವಾದಕ್ಕೆ ಇಳಿಯಲಿಲ್ಲ. ಸರ್ ಮುಖ ಸಣ್ಣದು ಮಾಡಿಕೊಂಡು ನನ್ನ ಹೆಸರಿನ ಮುಂದೆ ಒಂದು ಎಂದು ಬರೆದರು. ಅವರು ಆಚೆ ಹೋದ ಮೇಲೆ ಬೀರಪ್ಪ ಇನ್ನೂ ಹಾಸನ್ನೇ ನೋಡುತ್ತಿದ್ದವರು ತಲೆಯೆತ್ತಿದರು.

“ಅಕ್ಕೋರ, ನಾ ಹಾರಿಸೂ ಬದ್ಲಿ ನಿಮ್ಮ ಕಾಯ್ದೆ ಪ್ರಕಾರ ಸರಿಸಿದ್ನೆಂದ್ರ, ಆಟ ಯಾರದಿತ್ರಿ?”

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದರು. ನಾನು ಪೆನ್ನನ್ನು ಬ್ಯಾಗಿಗೆ ಹಾಕುವ ನೆಪ ಮಾಡಿಕೊಂಡು ಕುರ್ಚಿ ಸರಿಸಿ ಎದ್ದುಬಿಟ್ಟೆ.

ಐದನೆಯ ಸ್ಥಾನ ಬಂತು. ಕಪ್ಪಿನ ಮೇಲೆ ಮಹಿಳಾ ಎಂಬ ಮಾತಿರಲಿಲ್ಲ. ಹೆಸರು ಕರೆದಾಗ ಹೋಗಿ ಇಸಿದುಕೊಂಡೆ. ಕೆಳಗಿಳಿದು ಬಂದಾಗ ಕಂಬಳಿ ಹಾಸಿದ್ದ ಕುರ್ಚಿ ಖಾಲಿಯಿತ್ತು.

ಮುಂದಿನ ರಜೆಗೆ ಮುದ್ದೇಬಿಹಾಳಕ್ಕೆ ಹೋದಾಗ ಕಪ್ಪನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಅದನ್ನು ಒಂದು ಸಲ ತಿರುಗಿಸಿ ನೋಡಿ ಪಕ್ಕಕ್ಕಿಟ್ಟು, ಆಟ ಬರೆದುಕೊಂಡ ಪುಸ್ತಕ ಕೇಳಿದರು. ನಾನು ಪ್ರತಿ ಆಟದ ನಡೆಗಳನ್ನೂ ಬರೆದಿಡುವವಳು, ಅದು ಅವರೇ ಕಲಿಸಿದ ಅಭ್ಯಾಸ. ಏಳನೆಯ ಆಟವನ್ನು ಮಣೆಯ ಮೇಲೆ ಒಂದೊಂದಾಗಿ ನಡೆಸುತ್ತ ಹೋದರು. ಕೊನೆಯ ಸಾಲಿಗೆ ಬಂದು ನಿಂತರು. ಇಲ್ಲಿಂದ ಹೇಗೆ ಗೆದ್ದಿ ಎಂದು ಕೇಳಿದರು. ಹೇಳಿದೆ. ಅವರು ಎದುರಿನ ರಾಜನನ್ನು ಆನೆಯ ಮರೆಗೆ ಸರಿಸಿ ನೋಡಿದರು.

“ಕಾಯ್ದೆದಾಗ ಗೆದ್ದಿ. ಆಟದಾಗ ಸೋತಿ. ಎರಡೂ ಖರೇನ ಐತಿ” ಎಂದರು ಕಡೆಗೆ. ಆಮೇಲೆ ಕಾಯಿಗಳನ್ನು ಡಬ್ಬಿಗೆ ತುಂಬಿ, ಜೋಳದ ಹೊಲಕ್ಕೆ ಈ ಸಲ ಹಕ್ಕಿ ಬಹಳ ಎಂದು ಬೇರೆ ಮಾತು ತೆಗೆದರು. ಬೈದಿದ್ದರೆ ಹಗುರಾಗುತ್ತಿತ್ತು.

ಸಿಂದಗಿಯ ಪಂದ್ಯಕ್ಕೆ ಬೀರಪ್ಪ ಬಂದೇ ಬರುತ್ತಾರೆಂದುಕೊಂಡಿದ್ದೆ, ಅದು ಅವರದೇ ತಾಲೂಕು. ಕಲ್ಯಾಣ ಮಂಟಪದ ಬಾಗಿಲಲ್ಲಿ ನಿಂತು ಬರುವವರ ತಲೆಯನ್ನೆಲ್ಲ ನೋಡಿದೆ. ಒಂದೂ ಬಿಳಿ ರುಮಾಲಿರಲಿಲ್ಲ. ಹೆಸರು ನೋಂದಾಯಿಸುವ ಮೇಜಿನ ಹತ್ತಿರ ಯಂಕಂಚಿಯ ಮಾಸ್ತರರು ಸಿಕ್ಕರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ನಮ್ಮ ಬೀರಪ್ಪ ಇನ್ನು ಬರುವುದಿಲ್ಲ ಅನ್ನುತ್ತಾನೆ, ಇಂಡಿಯಲ್ಲಿ ಆಟ ಕೆಟ್ಟು ಬಂದಾಗಿನಿಂದ ಊರ ಮಂದಿ ಅವನನ್ನು ‘ರಾಜನ ಹಾರಿಸಿದಾಂವ’ ಎಂದು ಕಾಡುತ್ತಾರೆ, ಎಂದು ಹೇಳಿದರು. ಅವತ್ತು ಏನು ಆಡಿದೆನೋ ನೆನಪಿಲ್ಲ. ಏಳರಲ್ಲಿ ಎರಡು ಗೆದ್ದೆ. ಮಹಿಳಾ ಕಪ್ಪು ಕೊಡಲು ಕರೆದಾಗ ಬಸ್ಸಿನ ಹೊತ್ತಾಯಿತೆಂದು ಹೇಳಿ ಹೊರಬಿದ್ದೆ.

ಮುಂದಿನ ಎರಡನೆಯ ಶನಿವಾರ ಸಾಲಿಗೆ ರಜೆ. ನಾನು ಸಿಂದಗಿಗೆ ಹೋಗಿ, ಅಲ್ಲಿಂದ ಯಂಕಂಚಿಯ ಬಸ್ಸು ಹತ್ತಿದೆ. ಹಾದಿಯುದ್ದಕ್ಕೂ ತೊಗರಿ ಕೊಯ್ದ ಹೊಲಗಳು. ಮಂಜು ಇನ್ನೂ ಆರದ ಕಡಲೆ ಹೊಲಗಳಿಂದ ಹುಳಿ ಹುಳಿ ಗಾಳಿ ಬಸ್ಸಿನ ಕಿಟಕಿಗೆ ಬರುತ್ತಿತ್ತು. ಏನು ಹೇಳಬೇಕೆಂದು ಹತ್ತು ಸಲ ಮನಸ್ಸಿನಲ್ಲೇ ಜೋಡಿಸಿಕೊಂಡೆ, ಹತ್ತು ಸಲವೂ ಸುಳ್ಳೆನಿಸಿತು.

ಬೀರಪ್ಪನವರ ಅಣ್ಣತಮ್ಮಂದಿರು ದೊಡ್ಡ ಹಿಂಡು ಹೊಡೆದುಕೊಂಡು ನದಿ ದಂಡೆಯ ಕಡೆ ಹೋಗಿದ್ದರು. ಇವರು ಮರಿ ಹಾಕಿದ ಕುರಿಗಳನ್ನಿಟ್ಟುಕೊಂಡು ಹಿಂದೆ ಉಳಿದಿದ್ದರು. ಊರ ಹೊರಗೆ ಒಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ಸುತ್ತ ಬಲೆ ಕಟ್ಟಿ ಕುರಿ ತರುಬಿದ್ದರು. ನನ್ನನ್ನು ಕಂಡು ಗುರುತು ಹಿಡಿದು, ಮೊದಲು ನೀರು ಕೊಟ್ಟರು. ಅವರ ಹೆಂಡತಿ ಗಂಗವ್ವ ಬಲೆಯ ಆಚೆ ಮರಿಯೊಂದಕ್ಕೆ ಹಾಲು ಕುಡಿಸುತ್ತಿದ್ದರು. ಯಾಕೆ ಬಂದಿರಿ ಎಂದು ಇಬ್ಬರೂ ಕೇಳಲಿಲ್ಲ. ಬೀರಪ್ಪ ಕಂಬಳಿ ಹಾಸಿ, ಚೀಲದಿಂದ ಬಟ್ಟೆಯ ಮೇಲೆ ಹೊಲಿದ ಹಾಸನ್ನೂ ಜಾಲಿಕಟ್ಟಿಗೆಯಲ್ಲಿ ಕೆತ್ತಿದ ಕಾಯಿಗಳನ್ನೂ ತೆಗೆದರು. ಅವರ ಅಜ್ಜ ಕೆತ್ತಿದ ಕಾಯಿಗಳಂತೆ, ಕುದುರೆಗಳ ಕಿವಿ ಸವೆದು ಹೋಗಿದ್ದವು.

ಅವರ ನಿಯಮದಲ್ಲಿ ಆಡಿದೆವು. ಪ್ಯಾದೆಗೆ ಮೊದಲ ನಡೆಯಲ್ಲೂ ಒಂದೇ ಮನೆ, ರಾಜನಿಗೆ ಒಂದು ಹಾರಿಕೆ. ಎರಡು ಆಟ ಸೋತೆ. ಎರಡನೆಯದರಲ್ಲಿ ನನ್ನ ರಾಜನಿಗೂ ಹಾರುವ ಹಕ್ಕಿದೆ ಎಂಬುದೇ ನನಗೆ ಮರೆತುಹೋಗಿತ್ತು. ಅವರೇ ಬೆರಳು ತೋರಿಸಿ ನೆನಪು ಮಾಡಿಕೊಟ್ಟರು. ನಾನು ತಲೆಯೆತ್ತಿ ಅವರ ಮುಖ ನೋಡಿದೆ. ಹೇಗೆ ಬಾಯಿಬಿಟ್ಟೆನೋ, ಹೇಳಿದೆ.

“ಕಾಕಾ, ಇಂಡ್ಯಾಗ ಆಟ ನಿಮ್ಮದಿತ್ತು. ನಾ ಸೋತಿದ್ನಿ.”

ಅವರು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು. “ನೀವು ಕೈ ಎತ್ತಿದ್ದಕ್ಕ ನಂಗೇನೂ ಅನಸಲಿಲ್ರಿ. ಕಾಯ್ದೆ ಮುಂಜಾನಿನ ಓದಿ ಹೇಳಿದ್ರು, ನಾ ತಪ್ಪೀನಿ. ಆದ್ರ ನಾ ಒಂದು ಮಾತು ಕೇಳಿದ್ನಿ. ನೀವು ಎದ್ದು ಹೋದ್ರಿ. ಅದು ಸಂಕಟಾತು. ಇಂವಂಗೇನು ಹೇಳೂದು, ಕುರಿ ಕಾಯಾಂವ ಅಂತ ಹೋದ್ರೇನೋ ಅನ್ಕೊಂಡ್ನಿ.”

ಹಾಗಲ್ಲ ಎಂದೆ. ಉತ್ತರ ಗೊತ್ತಿತ್ತು, ಅದಕ್ಕೇ ಹೇಳಲಾಗಲಿಲ್ಲ ಎಂದೆ. ವರ್ಷಗಟ್ಟಲೆ ಮಹಿಳಾ ಕಪ್ಪು ಹಿಡಿದುಕೊಂಡು ಮನೆಗೆ ಹೋದದ್ದನ್ನೂ, ಜನ ಹೊಡೆದ ಚಪ್ಪಾಳೆಯನ್ನೂ ಹೇಳಿದೆ. ಯಾರಿಗೂ ಹೇಳಿರಲಿಲ್ಲ, ಅಪ್ಪನಿಗೂ. ಅವರು ಕುರಿಗಳ ಕಡೆ ನೋಡುತ್ತ ಕೇಳಿಸಿಕೊಂಡರು. ತಮ್ಮನ್ನು ನೋಡಿ ಹುಡುಗರು ನಕ್ಕಿದ್ದನ್ನು ತಾವೂ ಕಂಡಿದ್ದಾಗಿ ಹೇಳಿದರು. ಗಂಗವ್ವ ಬಂದು ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಮುಂದಿಟ್ಟರು. ಆಟ ಆಡಿ ಹೊಟ್ಟಿ ತುಂಬಂಗಿಲ್ಲ, ಉಣ್ರಿ, ಎಂದರು. ಹೊರಡುವಾಗ ನಾನು ಮುದ್ದೇಬಿಹಾಳದ ಪಂದ್ಯದ ದಿನ ಹೇಳಿದೆ. ಬೀರಪ್ಪ ಹಾಸು ಮಡಚಿ ಕಾಯಿಗಳನ್ನು ಚೀಲಕ್ಕೆ ಹಾಕಿದರು.

ಮುದ್ದೇಬಿಹಾಳಕ್ಕೆ ಬಂದರು. ಎಳ್ಳ ಅಮಾವಾಸ್ಯೆಯ ಹಿಂದಿನ ಭಾನುವಾರ ಅದು. ಅವರನ್ನು ಬಾಗಿಲಲ್ಲಿ ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನನ್ನ ಆಟ ನೋಡಲು ಬಂದಿದ್ದ ಅಪ್ಪ ಅವರನ್ನು ಕೈಹಿಡಿದು ಕರೆದೊಯ್ದು ಚಹಾ ಕುಡಿಸಿದರು. ಸುತ್ತು ಸುತ್ತಿನ ನಡುವೆ ಸಿಕ್ಕ ಹೊತ್ತಿನಲ್ಲಿ ಇಬ್ಬರೂ ಮರದ ಕೆಳಗೆ ಕುಳಿತು ಹಳೆಯ ರೀತಿಯಲ್ಲಿ ಆಡಿದರು. ಅಪ್ಪ ರಾಜನನ್ನು ಹಾರಿಸಿ ನನ್ನ ಕಡೆ ನೋಡಿ ನಕ್ಕದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಒಳಗೆ ಬೀರಪ್ಪ ಒಂದೊಂದು ನಡೆಗೂ ಮೊದಲು ಕೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಳ್ಳುತ್ತಿದ್ದರು. ರೂಢಿಯನ್ನು ಹಿಡಿದು ಕೂರಿಸಿದ ಹಾಗೆ. ಆರನೆಯ ಸ್ಥಾನ ಪಡೆದರು. ನಾನು ಹನ್ನೊಂದನೆಯವಳು. ನಮ್ಮಿಬ್ಬರಿಗೂ ಅವತ್ತು ಜೋಡಿ ಬೀಳಲಿಲ್ಲ.

ಜೋಡಿ ಬಿದ್ದದ್ದು ಬಸವನ ಬಾಗೇವಾಡಿಯಲ್ಲಿ, ಮತ್ತೆ ಏಳನೆಯ ಸುತ್ತಿನಲ್ಲಿ. ಸಂಕ್ರಾಂತಿ ಕಳೆದು ಒಂದು ವಾರ, ಎಳೆಬಿಸಿಲು, ಸಾಲಿಯೊಂದರ ಉದ್ದನೆಯ ಕೋಣೆ, ಹೊರಗೆ ಕಲ್ಲಿನ ಮೆಟ್ಟಿಲು. ಇಬ್ಬರ ಅಂಕವೂ ಸಮ. ಮೇಜು ಎರಡನೆಯದು. ಪಾಟೀಲ ಸರ್ ಇಲ್ಲೂ ತೀರ್ಪುಗಾರರು. ಚೀಟಿ ಓದಿದ ಮೇಲೆ ಅವರು ನನ್ನ ಮುಖ ನೋಡಿದರು. ಬೀರಪ್ಪ ಕಂಬಳಿ ಮಡಚಿ ಕುರ್ಚಿಗೆ ಹಾಕುತ್ತ, “ಅಕ್ಕೋರ, ಬಿಟ್ಟುಕೊಡೂದು ಗಿಟ್ಟುಕೊಡೂದು ಮಾಡಬ್ಯಾಡ್ರಿ ಮತ್ತ” ಎಂದರು. ಅಪ್ಪನ ಮಗಳು, ನನಗೆ ಅದು ಬರುವುದಿಲ್ಲ ಎಂದೆ.

ನನ್ನ ಜೀವನದಲ್ಲಿ ಅಂಥ ಆಟ ಇನ್ನೊಂದು ಆಡಿಲ್ಲ. ಬಹಳ ಹೊತ್ತು ಇಬ್ಬರೂ ತಪ್ಪಲಿಲ್ಲ. ಕಾಯಿಗಳು ಒಂದಕ್ಕೊಂದು ಹೋಗಿ ಕಡೆಗೆ ಒಬ್ಬೊಬ್ಬರಿಗೆ ಒಂದು ಆನೆ, ಮೂರು ಪ್ಯಾದೆ ಉಳಿದವು. ಉಳಿದ ಮೇಜುಗಳೆಲ್ಲ ಮುಗಿದು ಮಂದಿ ನಮ್ಮ ಸುತ್ತ ಗುಂಪಾದರು. ಗಡಿಯಾರದಲ್ಲಿ ನನಗೆ ಎರಡು ನಿಮಿಷ, ಅವರಿಗೆ ಒಂದೂವರೆ. ಅವರ ಆನೆ ಮುಂದೆ ನುಗ್ಗಿ ನನ್ನದೊಂದು ಪ್ಯಾದೆಯನ್ನು ಹೊಡೆಯಿತು. ಹೊಡೆಯುವಂತೆಯೇ ಇತ್ತು, ನಾನಾಗಿದ್ದರೂ ಹೊಡೆಯುತ್ತಿದ್ದೆ. ಆದರೆ ಆನೆ ಅಷ್ಟು ದೂರ ಹೋದದ್ದೇ ಈ ಬದಿಯಲ್ಲಿ ನನ್ನ ಇನ್ನೊಂದು ಪ್ಯಾದೆಗೆ ಹಾದಿ ತೆರೆಯಿತು. ಓಡಿಸಿದೆ. ಅದು ಕೊನೆಯ ಮನೆ ಮುಟ್ಟಿ ಮಂತ್ರಿಯಾಯಿತು. ಬೀರಪ್ಪ ಇನ್ನೂ ಎರಡು ನಡೆ ಆಡಿ ನೋಡಿದರು. ಆಮೇಲೆ ರಾಜನನ್ನು ಮೆಲ್ಲಗೆ ಮಲಗಿಸಿ ಕೈ ಮುಂದೆ ಚಾಚಿದರು.

ನನಗೆ ಹೇಗೆ ಅನಿಸಬೇಕೆಂದು ಗೊತ್ತಾಗಲಿಲ್ಲ. ಇಷ್ಟು ದಿನ ಬೇಕೆಂದುಕೊಂಡದ್ದು ಸಿಕ್ಕಿತ್ತು. ಎದುರಿಗೆ ಕುಳಿತವರ ಮುಖ ನೋಡಲು ಭಯವಾಗಿತ್ತು. ನೋಡಿದರೆ ಅವರು ಹಾಸಿನ ಮೇಲೇ ಕಣ್ಣಿಟ್ಟು ಏನೋ ಎಣಿಸುತ್ತಿದ್ದರು.

ಆನೆ ಹೊಡೆಯುವ ಮೊದಲು ಇದ್ದ ಹಾಗೆ ಕಾಯಿಗಳನ್ನು ಮತ್ತೆ ಹಚ್ಚಿರಿ, ಎಂದರು. ಬಹುಮಾನದ ಸಭೆಗೆ ಕುರ್ಚಿ ಜೋಡಿಸುವವರು ನಮ್ಮನ್ನು ಮೇಜಿನಿಂದ ಎಬ್ಬಿಸಿದರು. ಹಾಸನ್ನೂ ಕಾಯಿಗಳನ್ನೂ ಎತ್ತಿಕೊಂಡು ಹೊರಗೆ ಮೆಟ್ಟಿಲ ಮೇಲೆ ಹೋಗಿ ಕುಳಿತೆವು. ಇಲ್ಲಿಗೂ ನನ್ನ ಆಟ ನೋಡಲು ಬಂದಿದ್ದ ಅಪ್ಪ ಒಂದು ಮೆಟ್ಟಿಲು ಮೇಲೆ ಬಂದು ಕುಳಿತರು. ಪುಸ್ತಕ ನೋಡಿ ಆ ಜಾಗವನ್ನು ಹಚ್ಚಿದೆ. ಆನೆಯನ್ನು ಈ ಕಡೆ ತಂದರೆ ಏನು, ಪ್ಯಾದೆಯನ್ನು ದಬ್ಬಿದರೆ ಏನು ಎಂದು ಒಂದೊಂದಾಗಿ ನಡೆಸಿ ನೋಡಿದೆವು. ಎಲ್ಲದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಒಳಗೆ ಮೈಕು ಒದರುತ್ತಿತ್ತು. ಯಾರೋ ಭಾಷಣ ಮಾಡಿದರು, ಯಾರಿಗೋ ಶಾಲು ಹೊದಿಸಿದರು. ನಮ್ಮ ಮೂವರ ತಲೆ ಹಾಸಿನ ಮೇಲೆ ಬಾಗಿತ್ತು.

ಅಪ್ಪ ಒಂದು ನಡೆ ಹೇಳಿದರು, ಅದೂ ಆಗಲಿಲ್ಲ. ಪಾಟೀಲ ಸರ್ ಬಾಗಿಲಿಗೆ ಬಂದು, ಸುಜಾತಾ ಮೇಡಂ, ಮೂರನೇ ನಂಬರ್ ನಿಮ್ದ್ರೀ, ಎರಡು ಸಲ ಕರೆದ್ರು, ಎಂದರು. ಕೇಳಿಸಿಯೇ ಇರಲಿಲ್ಲ. ಏಳಲು ಹೊರಟೆ. ಅಷ್ಟರಲ್ಲಿ ಬೀರಪ್ಪನವರ ಕೈ ತೊಡೆಯ ಕೆಳಗಿನಿಂದ ಮೆಲ್ಲಗೆ ಹೊರಗೆ ಬಂತು. ಅವರು ಆನೆಯನ್ನು ಮುಟ್ಟಲಿಲ್ಲ, ಪ್ಯಾದೆಯನ್ನೂ ಮುಟ್ಟಲಿಲ್ಲ. ರಾಜನನ್ನು ಒಂದೇ ಒಂದು ಮನೆ ಹಿಂದಕ್ಕೆ ಸರಿಸಿದರು.

ಸರ್‌ಗೆ ಒಂದು ನಿಮಿಷ ಎಂದು ಕೈ ಮಾಡಿ ಮತ್ತೆ ಕುಳಿತೆ. ನನ್ನ ಪ್ಯಾದೆ ಓಡುವ ಹಾದಿಗೆ ಅವರ ರಾಜ ಅಡ್ಡ ನಿಂತಿದ್ದ. ನಾನು ಆನೆ ತಂದರೆ ನನ್ನ ಆನೆ ಹೋಗುತ್ತಿತ್ತು. ಆನೆ ಬಿಟ್ಟರೆ ಅವರ ಪ್ಯಾದೆ ನನಗಿಂತ ಒಂದು ಹೆಜ್ಜೆ ಮುಂಚೆ ಮುಟ್ಟುತ್ತಿತ್ತು. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಒಳಗೆ ನನ್ನ ಹೆಸರನ್ನು ಮೂರನೆಯ ಸಲ ಕರೆದರು. ಮೇಲಿನ ಮೆಟ್ಟಿಲಿಂದ ಅಪ್ಪ ಸಣ್ಣಗೆ ಉಸಿರು ಬಿಟ್ಟರು. ಅವರಿಗೂ ಕಂಡಿತ್ತು.

“ಹೌದು ಕಾಕಾ,” ಎಂದೆ. “ಇದನ್ನ ಆಡಿದ್ರ ಆಟ ನಿಮ್ದು.”

ಬೀರಪ್ಪ ತಲೆಯಾಡಿಸಿದರು. ರುಮಾಲು ಬಿಚ್ಚಿ ಮುಖ ಒರೆಸಿಕೊಂಡು ಮತ್ತೆ ಸುತ್ತಿಕೊಂಡರು. “ಹೋಗ್ರಿ ಅಕ್ಕೋರ, ಕರಿಯಾಕತ್ತಾರ, ನಿಮ್ದು ನೀವು ತಗೊಂಡು ಬರ್ರಿ” ಎಂದು ಹೇಳಿ, ನಾನು ಎದ್ದು ಖಾಲಿಯಾದ ಜಾಗಕ್ಕೆ ಅಪ್ಪನನ್ನು ಇಳಿದು ಬರಲು ಕರೆದು, ಕಾಯಿಗಳನ್ನು ಮೊದಲಿನಿಂದ ಹಚ್ಚತೊಡಗಿದರು.